ತೂಕದ ಮನೆಯ ಆರ್ಲಿನ್ ಮತ್ತು ನಮ್ಮ ಒಲೆಯ ದುಡ್ಡು

ಆರ್ಲಿನ್ ಸ್ಕೋಗನ್ ಜೀವಮಾನದಲ್ಲಿ ಯಾರಿಗೂ ಒಂದು ಸೆಂಟು ಮೋಸ ಮಾಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನ ಬಗ್ಗೆ ನನ್ನ ಬಾಯಿಂದ ಒಳ್ಳೆಯ ಮಾತು ಹೊರಡುವುದು ಅನುಮಾನ. ಅವನು ಮೋಸಗಾರನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಮೋಸಗಾರನನ್ನು ಬೈಯಬಹುದು, ಶೆರಿಫ್‌ನನ್ನು ಕರೆಸಬಹುದು. ನಿಯಮದ ಪ್ರಕಾರವೇ ಜನರನ್ನು ಸುಲಿಯುವವನನ್ನು ಏನು ಮಾಡಲು ಬರುತ್ತದೆ?

ನಮ್ಮೂರು ಟೋಲ್ವಿಕ್‌ನ ಸಹಕಾರಿ ಗೋದಾಮಿನ ತೂಕದ ಮನೆಯಲ್ಲಿ, ಗಾಜಿನ ಕಿಟಕಿಯ ಹಿಂದೆ, ಅವನು ಮೂವತ್ತು ವರ್ಷಕ್ಕೂ ಮೇಲೆ ಕುಳಿತಿದ್ದ. ಸುಗ್ಗಿಯಲ್ಲಿ ನಮ್ಮ ಲಾರಿಗಳು ಮೆಕ್ಕೆಜೋಳ ತುಂಬಿಕೊಂಡು ಬಂದು ತೂಕದ ಕಟ್ಟೆ ಹತ್ತುತ್ತಿದ್ದವು. ಆರ್ಲಿನ್ ಉದ್ದನೆಯ ಕೊಳವೆ ಚುಚ್ಚಿ ಒಂದಿಷ್ಟು ಕಾಳು ತೆಗೆದು, ಯಂತ್ರಕ್ಕೆ ಸುರಿದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ತೇವ ಎಷ್ಟಿದೆ ಎಂದು ನೋಡುತ್ತಿದ್ದ. ಆಮೇಲೆ ಕಡಿತ ಶುರು. ತೇವಕ್ಕೆ ಇಷ್ಟು, ಧೂಳಿಗೆ ಇಷ್ಟು, ಒಡೆದ ಕಾಳಿಗೆ ಇಷ್ಟು, ಒಣಗಿಸುವುದಕ್ಕೆ ಇಷ್ಟು, ಗೋದಾಮಿನಲ್ಲಿ ಇಟ್ಟುಕೊಳ್ಳುವುದಕ್ಕೆ ಇಷ್ಟು. ಎಲ್ಲ ಕಳೆದು ಉಳಿದದ್ದು ನಮ್ಮದು. ಯಾರಾದರೂ ಬಾಯಿ ತೆರೆದರೆ ಕಿಟಕಿಯ ಮೇಲಿದ್ದ ಹಲಗೆಯ ಕಡೆ ಪೆನ್ಸಿಲ್ ತೋರಿಸುತ್ತಿದ್ದ. ತನ್ನ ಕೈಯಾರೆ ಬರೆದ ಹಲಗೆ ಅದು.

"ಬೋರ್ಡ್ ಹಾಕಿದೀನಲ್ಲ. ಓದ್ಲಿಲ್ವಾ?"

ಹೀಗೆ ಕಡಿದ ದುಡ್ಡು ಅವನ ಜೇಬಿಗೆ ಹೋಗುತ್ತಿರಲಿಲ್ಲ, ಸಹಕಾರ ಸಂಘಕ್ಕೆ ಹೋಗುತ್ತಿತ್ತು. ಅವನಿಗೆ ಸಿಗುತ್ತಿದ್ದದ್ದು ಸಂಬಳ ಮತ್ತು ಸಂತೋಷ. ಸಂಬಳಕ್ಕಿಂತ ಸಂತೋಷವೇ ದೊಡ್ಡದಾಗಿತ್ತು ಎಂದು ನನ್ನ ಗುಮಾನಿ.

ನನ್ನ ಗಂಡ ಗೇಲೆನ್‌ಗೆ ಆದದ್ದನ್ನು ಹೇಳಿದರೆ ನಿಮಗೆ ಆ ಮನುಷ್ಯ ಪೂರ್ತಿ ಕಾಣುತ್ತಾನೆ. ಒಂದು ಅಕ್ಟೋಬರ್‌ನಲ್ಲಿ ಲಾರಿಗಳ ಸಾಲು ರಸ್ತೆಯವರೆಗೂ ಬೆಳೆದಿತ್ತು. ಗೇಲೆನ್‌ನ ಸರದಿ ಬರುವ ಹೊತ್ತಿಗೆ ಆರ್ಲಿನ್ ಕಿಟಕಿ ಮುಚ್ಚಿ ಊಟಕ್ಕೆ ಹೋದ. ಸಾಲು ನಿಂತಲ್ಲೇ ನಿಂತಿತು. ಅಷ್ಟರಲ್ಲಿ ಮಳೆ ಹನಿಯಿತು. ನಮ್ಮ ಲಾರಿಯ ತಾಡಪಾಲು ಒಂದು ಮೂಲೆಯಲ್ಲಿ ಹರಿದಿತ್ತು, ಆ ಮೂಲೆಯ ಕಾಳು ನೆನೆಯಿತು. ಆರ್ಲಿನ್ ಊಟ ಮುಗಿಸಿ ಬಂದವನು ಕೊಳವೆಯನ್ನು ಸರಿಯಾಗಿ ಆ ಮೂಲೆಗೇ ಚುಚ್ಚಿದ. ಬೇಕೆಂದು ಚುಚ್ಚಲಿಲ್ಲ, ಅವನು ಯಾವಾಗಲೂ ಚುಚ್ಚುತ್ತಿದ್ದದ್ದು ಅದೇ ಮೂಲೆಗೆ. ತೇವ ಜಾಸ್ತಿ ತೋರಿಸಿತು.

"ನಿನ್ನ ಸಾಲಿನಲ್ಲಿ ನಿಂತಿದ್ದಕ್ಕೇ ನೆಂದಿದ್ದು ಕಣಯ್ಯಾ" ಎಂದ ಗೇಲೆನ್.

"ನಿನ್ನೊಬ್ಬನಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತೆ, ಗೇಲೆನ್. ಬೋರ್ಡ್ ಓದು."

ಗೇಲೆನ್ ಜಗಳಗಂಟನಲ್ಲ. ಕಡಿತಗಳನ್ನೆಲ್ಲ ಸಾಲುಸಾಲಾಗಿ ಬರೆದ ಚೀಟಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಮನೆಗೆ ಬಂದ, ಊಟದ ತಟ್ಟೆ ಮುಂದೆ ತಳ್ಳಿದ. ಹೋದ ದುಡ್ಡು ದೊಡ್ಡದಲ್ಲ, ಒಂದು ಜೊತೆ ಬೂಟಿನ ಬೆಲೆ ಅಷ್ಟೇ. "ಎಲ್ಲರೂ ನೋಡ್ತಿದ್ರು ಮಾರ್ಲಿಸ್" ಎಂದ. ಮತ್ತೆ ಆ ಮಾತು ಎತ್ತಲಿಲ್ಲ. ಗೇಲೆನ್ ತೀರಿಕೊಂಡು ಬಹಳ ಕಾಲವಾಯಿತು. ಅವನು ಮರೆತನೋ ಏನೋ, ನಾನು ಮರೆತಿಲ್ಲ. ಪ್ರತಿ ಭಾನುವಾರ ಚರ್ಚಿನಲ್ಲಿ ಆರ್ಲಿನ್‌ನ ಬೋಳುತಲೆಯ ಹಿಂಭಾಗ ನೋಡುತ್ತಾ, ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ಎಲ್ಲರ ಜೊತೆ ಹೇಳುತ್ತೇನೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎನ್ನುವ ಮುಂದಿನ ಸಾಲು ಬರುವಾಗ ಬಾಯಿ ಮಾತ್ರ ಆಡಿಸುತ್ತೇನೆ.

ನಿವೃತ್ತಿಯಾದ ಮೇಲೆ ಆರ್ಲಿನ್‌ಗೆ ಕಡಿಯಲು ಏನೂ ಇರಲಿಲ್ಲ. ಆಗ ನಮ್ಮ ಲೂಥರನ್ ಚರ್ಚಿನ ಖಜಾಂಚಿಯಾದ. ಆ ಕೆಲಸ ಬೇರೆ ಯಾರಿಗೂ ಬೇಕಿರಲಿಲ್ಲ, ಅದರಲ್ಲಿ ನಮ್ಮ ತಪ್ಪೂ ಉಂಟು. ಚರ್ಚಿನ ನೆಲಮಾಳಿಗೆಯ ಅಡುಗೆಮನೆ ನನ್ನದು. ಅಂದರೆ, ಸಾವಿನ ಊಟ, ಮದುವೆಯ ಕಾಫಿ, ಸುಗ್ಗಿಯ ಔತಣ ಎಲ್ಲವನ್ನೂ ನಾನು ಮತ್ತು ನಾಲ್ಕಾರು ಹೆಂಗಸರು ನೋಡಿಕೊಳ್ಳುತ್ತೇವೆ. ಆರ್ಲಿನ್ ಖಜಾಂಚಿಯಾದ ಚಳಿಗಾಲದಲ್ಲೇ ಅಲ್ಲಿ ಹಲಗೆಗಳು ಮೊಳೆಯತೊಡಗಿದವು. ಕಾಫಿ ಪಾತ್ರೆಯ ಮೇಲೆ, ಲೋಟಕ್ಕೆ ಇಪ್ಪತ್ತೈದು ಸೆಂಟು, ಡಬ್ಬಿಗೆ ಹಾಕಿ. ಕುರ್ಚಿ ಮಡಿಸಿ ಇಡದಿದ್ದರೆ ಒಂದು ಡಾಲರ್. ಒರೆಸುವ ಬಟ್ಟೆ ಮನೆಗೆ ಒಯ್ದರೆ ಬಟ್ಟೆಯ ಬೆಲೆ ಮತ್ತು ಅದರ ಮೇಲೊಂದಿಷ್ಟು. ಅವನ ಹೆಂಡತಿ ಆರ್ಡಿಸ್ ನಾಚಿಕೊಂಡು ಮನೆಯಿಂದಲೇ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದಳು. ಗಂಡ ಸತ್ತ ದಿನ ಕೂತು ಅಳುತ್ತಿದ್ದ ಹೆಂಗಸಿನ ಮುಂದೆ ಕಾಫಿಯ ಡಬ್ಬಿ ಅಲ್ಲಾಡಿಸಿದವನು ಈ ಭೂಮಿಯ ಮೇಲೆ ಆರ್ಲಿನ್ ಒಬ್ಬನೇ ಇರಬೇಕು. ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಒಲೆಯ ವಿಷಯ. ನಮ್ಮ ಅಡುಗೆಮನೆಯ ಗ್ಯಾಸ್ ಒಲೆಗೆ ನನಗಿಂತ ಸ್ವಲ್ಪ ಕಡಿಮೆ ವಯಸ್ಸು. ಅದರ ಒಳಗಿನ ಬೇಯಿಸುವ ಗೂಡಿನ ಬಾಗಿಲನ್ನು ಬೇಲಿಯ ತಂತಿಯಿಂದ ಬಿಗಿದಿದ್ದೆವು. ಹೊಸ ಒಲೆ ಬೇಕು ಎಂದು ಸಭೆಯಲ್ಲಿ ಕೇಳಿದರೆ ಗಂಡಸರು ಗಂಟಲು ಸರಿಮಾಡಿಕೊಂಡು ಚಾವಣಿಯ ಸೋರಿಕೆ ಬಗ್ಗೆ ಮಾತಾಡುತ್ತಿದ್ದರು. ಸರಿ, ನಾವೇ ಹುಟ್ಟಿಸುತ್ತೇವೆ ಎಂದು ಹೆಂಗಸರು ಸೊಂಟ ಕಟ್ಟಿದೆವು. ಪ್ರತಿ ಗುರುವಾರ ದನದ ಹರಾಜಿನ ಕೊಟ್ಟಿಗೆಯಲ್ಲಿ ಒಂದು ಮೇಜು ಹಾಕಿ, ಹಿಟ್ಟಿನ ಹೊದಿಕೆಯೊಳಗೆ ಹಣ್ಣು ತುಂಬಿ ಬೇಯಿಸಿದ ಪೈ ಮಾರಿದೆವು. ಸೇಬಿನದು, ಚೆರ್ರಿಯದು, ಹುಳಿ ದಂಟಿನ ರುಬಾರ್ಬಿನದು. ಬುಧವಾರ ಇಡೀ ದಿನ ಹಿಟ್ಟು ಲಟ್ಟಿಸಬೇಕು, ಗುರುವಾರ ಸಗಣಿಯ ವಾಸನೆಯ ನಡುವೆ ನಿಂತು ತುಂಡು ಕೊಡಬೇಕು. ಒಳ್ಳೆಯ ವಾರ ಹದಿನೆಂಟು ಪೈ ಖರ್ಚಾಗುತ್ತಿತ್ತು.

ಚರ್ಚಿನ ಹೆಸರಿನಲ್ಲಿ ಬಂದ ದುಡ್ಡು ಖಜಾಂಚಿಯ ಕೈಗೇ ಹೋಗಬೇಕು ಎನ್ನುವುದು ನಿಯಮ. ಆರ್ಲಿನ್ ಮೊದಲ ವಾರದ ದುಡ್ಡು ಎಣಿಸಿಕೊಂಡು, ಬೆರಳು ಒರೆಸಿಕೊಂಡು, ನಮಗೊಂದು ಉಪದೇಶ ಕೊಟ್ಟ.

"ನೋಡಿ ಹೆಂಗಸರೇ, ದುಡ್ಡು ಸುಮ್ನೆ ಕೂತಿರಬಾರ್ದು. ಬ್ಯಾಂಕಿನಲ್ಲಿಟ್ರೆ ಮಲಗಿಬಿಡುತ್ತೆ. ನಾನು ಇದನ್ನ ಮ್ಯೂಚುವಲ್ ಫಂಡಿಗೆ ಹಾಕ್ತೀನಿ."

"ಅಲ್ಲಿ ಏನ್ ಮಾಡುತ್ತೆ ಅದು, ಓಡಾಡುತ್ತಾ?" ಎಂದು ನಾನು ಕೇಳಿದೆ.

"ಬೆಳೆಯುತ್ತೆ ಮಾರ್ಲಿಸ್. ಸಾವಿರ ಕಂಪನಿಗಳ ಷೇರು ಒಂದೇ ಗಂಟಿನಲ್ಲಿ. ದೇಶದಲ್ಲೇ ವರ್ಷದ ಖರ್ಚು ಅತಿ ಕಡಿಮೆ ಇರೋ ಫಂಡು ಹುಡುಕಿದೀನಿ. ಮೂರು ವಾರ ಕೂತು ಹುಡುಕಿದ್ದು."

ಚರ್ಚಿನ ಕಚೇರಿಯ ಕಂಪ್ಯೂಟರಿನಲ್ಲಿ ಷೇರು, ಫಂಡು ಕೊಡಿಸುವ ಒಂದು ಬ್ರೋಕರೇಜ್ ಕಂಪನಿಯಲ್ಲಿ ಖಾತೆ ತೆರೆದ. ಮನೆಗೆ ಕಾಗದದ ಲೆಕ್ಕಪತ್ರ ಬೇಕೆಂದರೆ ಆ ಕಂಪನಿಗೆ ಎರಡು ಡಾಲರ್ ಕೊಡಬೇಕಂತೆ. ಆರ್ಲಿನ್ ಕೊಡುತ್ತಾನೆಯೇ? ಕಾಗದ ಬೇಡ ಎಂದು ಒತ್ತಿದ. ಎಲ್ಲವೂ ಚರ್ಚಿನ ಇಮೇಲ್‌ಗೆ ಬರಲಿ ಎಂದ. ಆ ಇಮೇಲ್‌ನಲ್ಲಿ ಮೇಣದ ಬತ್ತಿ ಮಾರುವವರು, ಗಾಯಕರ ನಿಲುವಂಗಿ ಮಾರುವವರು, ಗಂಟೆ ರಿಪೇರಿಯವರು ಜಾತ್ರೆ ನೆರೆದಿರುತ್ತಾರೆ. ಕಂಪ್ಯೂಟರಿನಲ್ಲಿ ತಾನಾಗಿ ಬರುವುದೆಲ್ಲ ಜಾಹೀರಾತು ಎಂದು ಆರ್ಲಿನ್‌ನ ಸಿದ್ಧಾಂತ. ಒಂದನ್ನೂ ತೆರೆಯುತ್ತಿರಲಿಲ್ಲ.

ಮತ್ತೆ, ದುಡ್ಡು ಸುಮ್ಮನೆ ಕೂತಿರಬಾರದಲ್ಲ! ಗುರುವಾರ ನಾವು ಕೊಟ್ಟದ್ದನ್ನು ಶುಕ್ರವಾರವೇ ಫಂಡಿಗೆ ಹಾಕುತ್ತಿದ್ದ. ವಾರ ತಪ್ಪಿಸಲಿಲ್ಲ. ಒಂದು ಗುರುವಾರ ಹಿಮಗಾಳಿ ಎದ್ದು ಹರಾಜಿಗೆ ಬಂದದ್ದು ಆರೇಳು ಜನ ಮತ್ತು ಒಂದು ಕುಂಟ ಹೋರಿ. ಆ ವಾರದ ಚಿಲ್ಲರೆಯನ್ನೂ ಶುಕ್ರವಾರ ಬೆಳಿಗ್ಗೆ ಹಿಮದಲ್ಲಿ ಕಾಲೆಳೆದುಕೊಂಡು ಬಂದು ಹಾಕಿದ. ಭಾನುವಾರ ಆರಾಧನೆ ಮುಗಿದ ಮೇಲೆ ಕಾಫಿ ಹಿಡಿದು ನಿಂತು, "ನಮ್ಮ ಒಲೆ ಮೇಲಕ್ಕೆ ಹೋಗ್ತಿದೆ" ಎನ್ನುತ್ತಿದ್ದ. ನಮ್ಮ ಒಲೆಯಂತೆ! ಹಿಟ್ಟು ಮುಟ್ಟಿದವನಲ್ಲ, ಹರಾಜಿನ ಕೊಟ್ಟಿಗೆಯಲ್ಲಿ ಒಂದು ತುಂಡು ಕೊಂಡು ತಿಂದವನಲ್ಲ. ಷೇರುಪೇಟೆ ಆ ವರ್ಷ ಏರುತ್ತಿತ್ತು, ಅದನ್ನು ತಾನೇ ಹೆಗಲು ಕೊಟ್ಟು ಏರಿಸಿದಂತೆ ಆಡುತ್ತಿದ್ದ.

ಎರಡನೆಯ ಚಳಿಗಾಲದ ಶುರುವಿನಲ್ಲಿ ಹರಾಜು ಕೂಗುವ ಮುದುಕ ಸತ್ತ. ಸಾವಿನ ಊಟಕ್ಕೆ ಜಿಲ್ಲೆಯ ಅರ್ಧ ಜನ ಬಂದರು. ಹಾಲು, ಚೀಸ್ ಹಾಕಿದ ಆಲೂಗಡ್ಡೆಯ ತಟ್ಟೆಗಳನ್ನು ಗೂಡಿನೊಳಗೆ ಇಟ್ಟಿದ್ದೆವು. ತಂತಿ ಕಡಿದು ಬಾಗಿಲು ನನ್ನ ಕಾಲಿನ ಪಕ್ಕದಲ್ಲಿ ಬಿತ್ತು. ಅಂದು ಜನ ಹಸಿ ಆಲೂಗಡ್ಡೆ ತಿಂದರು, ಯಾರೂ ದೂರಲಿಲ್ಲ. ನಮ್ಮ ಕಡೆಯವರು ದೂರುವುದಿಲ್ಲ. "ಬೇರೆ ಥರ ಇದೆ" ಎಂದರು. ಟೋಲ್ವಿಕ್‌ನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಇನ್ನು ತಡೆಯುವುದಿಲ್ಲ ಎಂದು ನಾನು ಪಟ್ಟಣಕ್ಕೆ ಹೋಗಿ, ಹೋಟೆಲಿನವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಆರು ಉರಿಯ ಒಲೆಯೊಂದನ್ನು ಗೊತ್ತು ಮಾಡಿ, ಅವರು ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿ ಬಂದೆ. ಹಾಕಿದ ದುಡ್ಡನ್ನೂ ಪೇಟೆಯ ಏರಿಕೆಯನ್ನೂ ತನ್ನ ಪುಸ್ತಕದಲ್ಲೇ ಕೂಡಿಸಿ ಆರ್ಲಿನ್ ಹೇಳುತ್ತಿದ್ದ ಲೆಕ್ಕದ ಪ್ರಕಾರ ದುಡ್ಡು ಸರಿಹೋಗುತ್ತಿತ್ತು. ಜನವರಿಯ ವಾರ್ಷಿಕ ಸಭೆಯಲ್ಲಿ ಅವನು ಲೆಕ್ಕ ಓದಬೇಕು, ಸಭೆ ಒಪ್ಪಬೇಕು, ಒಲೆ ಬರಬೇಕು. "ಮಾರಿ ದುಡ್ಡು ತೆಗಿ" ಎಂದೆ. "ನಾಳೇನೇ" ಎಂದ, ಎದೆ ಉಬ್ಬಿಸಿಕೊಂಡು.

ಮರುದಿನ ನಾನು ಅಡುಗೆಮನೆಯಲ್ಲಿ ಕಾಫಿ ಪಾತ್ರೆ ಉಜ್ಜುತ್ತಿದ್ದೆ. ಪಕ್ಕದ ಕಚೇರಿಯಲ್ಲಿ ಆರ್ಲಿನ್ ಕಂಪ್ಯೂಟರಿನ ಮುಂದಿದ್ದ. ಮೊದಲು ಗುನುಗು ಕೇಳುತ್ತಿತ್ತು. ಗುನುಗು ನಿಂತಿತು. "ಏನಿದು?" ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಸಣ್ಣ ದನಿಯಲ್ಲಿ, "ಏನಿದು?" ಎಂದ. ನಾನು ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಅವನು ನನ್ನನ್ನು ನೋಡಲಿಲ್ಲ. ಫೋನ್ ಒತ್ತುತ್ತಿದ್ದ. ಕಿವಿ ಮಂದ ಆದ್ದರಿಂದ ಯಾವಾಗಲೂ ಗಟ್ಟಿ ದನಿಯಲ್ಲೇ ಇಡುತ್ತಾನೆ. ಬಹಳ ಹೊತ್ತು ಸಂಗೀತ ಬಂತು. ಆಮೇಲೆ ಒಬ್ಬ ಹುಡುಗನ ದನಿ, ಜೇನು ಸುರಿಯುತ್ತಿತ್ತು.

"ನಾನು ಬ್ರೈಸ್ ಅಂತ ಸರ್. ಇವತ್ತು ನಿಮ್ಮ ದಿನ ಹೇಗಿದೆ?"

"ಕೆಟ್ಟಿದೆ" ಎಂದ ಆರ್ಲಿನ್. "ನಾನು ಫಂಡು ಮಾರಿದೆ. ದಂಡ ಅಂತ ನೋಟೀಸು ಬಂದಿದೆ. ಯಾತರ ದಂಡ?"

"ನೋಡ್ತೀನಿ ಸರ್... ಹಾಂ. ಕೊಂಡು ಮೂರು ತಿಂಗಳಾಗದೆ ಮಾರಿದ್ರೆ ಅದು ಬೀಳುತ್ತೆ. ನೀವು ವಾರವಾರ ಕೊಂಡಿದೀರಿ ನೋಡಿ, ಕೊನೇ ಕಂತುಗಳಿಗೆಲ್ಲ ಬಿದ್ದಿದೆ."

"ಅದಿರ್ಲಿ. ನಾನು ಹಾಕಿದ್ದಕ್ಕೂ ಇಲ್ಲಿರೋದಕ್ಕೂ ತಾಳೆ ಆಗ್ತಿಲ್ಲ. ಪೇಟೆ ಏರಿದೆ, ದುಡ್ಡು ಇಳಿದಿದೆ."

"ಅದು ಕೊಳ್ಳೋ ಶುಲ್ಕ ಸರ್. ಆ ಫಂಡು ನಮ್ಮ ಉಚಿತ ಪಟ್ಟಿಯಲ್ಲಿಲ್ಲ. ಒಂದ್ಸಲ ಕೊಂಡ್ರೆ ನಲವತ್ತೊಂಬತ್ತು ಡಾಲರ್ ತೊಂಬತ್ತೈದು ಸೆಂಟು."

"ಒಂದ್ಸಲ ತಾನೇ?"

"ಪ್ರತಿ ಸಲಾನೂ ಸರ್. ಪ್ರತಿ ಶುಕ್ರವಾರ."

ನಾನು ಬಾಗಿಲಲ್ಲಿ ನಿಂತೇ ಲೆಕ್ಕ ಹಾಕಿದೆ. ನನಗೆ ಡಾಲರಿನಲ್ಲಿ ಲೆಕ್ಕ ಬರುವುದಿಲ್ಲ, ಪೈನಲ್ಲಿ ಬರುತ್ತದೆ. ಹದಿನೆಂಟು ಪೈ ಮಾರಿದರೆ ಮೂರು ಇಡೀ ಪೈಗಳನ್ನು ಆ ಜೇನುದನಿಯ ಕಂಪನಿ ಪ್ರತಿ ವಾರ ಕೂತು ತಿಂದಿತ್ತು. ಹಿಮಗಾಳಿಯ ವಾರದಲ್ಲಿ ನಾವು ಹೆಪ್ಪುಗಟ್ಟಿದ ಕೈಯಲ್ಲಿ ಮಾರಿದ್ದರಲ್ಲಿ ಅದು ನಮಗೆ ಬಿಟ್ಟದ್ದು ಎರಡು ತುಂಡು.

"ನಂಗ್ಯಾರೂ ಹೇಳ್ಲಿಲ್ಲ!" ಎಂದ ಆರ್ಲಿನ್.

"ಪ್ರತಿ ಸಲಾನೂ ನೋಟೀಸು ಕಳಿಸಿದೀವಿ ಸರ್, ನಿಮ್ಮ ಇಮೇಲ್‌ಗೆ. ಕೊಳ್ಳೋ ಪುಟದಲ್ಲೂ ಹಾಕಿದೀವಿ, ನೀವು ಒಪ್ಪಿಗೆ ಅಂತ ಒತ್ತಿದೀರಿ. ಓದ್ಲಿಲ್ವಾ ಸರ್?"

ಆರ್ಲಿನ್‌ನ ಪೆನ್ಸಿಲ್ ಮೇಜಿನ ಮೇಲೆ ಬಿತ್ತು.

"ಇದು ಚರ್ಚಿನ ದುಡ್ಡು ಕಣಪ್ಪಾ. ಹೆಂಗಸರು ಪೈ ಮಾರಿ ಕೂಡಿಸಿದ್ದು. ಒಲೆಗೆ."

"ಎಷ್ಟು ಒಳ್ಳೆ ಕೆಲಸ ಸರ್!"

"ಹಂಗಾದ್ರೆ ಬಿಟ್ಟುಬಿಡಿ."

"ನಿಮ್ಮೊಬ್ರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತೆ ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ನನಗೆ ನಗು ಬಂತು. ಮುಸಿಮುಸಿ ನಗೆಯಲ್ಲ, ಪಾತ್ರೆಯ ಮುಚ್ಚಳ ಕೈಜಾರಿ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗುವಂಥ ನಗೆ. ಒಲೆಯ ದುಡ್ಡು ಹೋದದ್ದು ನನ್ನದೇ. ಬುಧವಾರಗಳು ನನ್ನವು, ನೋಯುವ ಮಣಿಕಟ್ಟು ನನ್ನದು. ಆದರೂ ಆ ಗಳಿಗೆಯನ್ನು ಒಲೆ ಕೊಟ್ಟು ಕೊಂಡೆ ಎಂದುಕೊಂಡರೂ ನಷ್ಟವಿರಲಿಲ್ಲ.

"ಏನ್ ನಗ್ತೀಯ?" ಎಂದ, ಫೋನ್ ಇಟ್ಟು.

"ಆ ಹುಡುಗ ನಿನ್ನ ತೂಕದ ಮನೆಯಲ್ಲಿ ಕೆಲಸ ಕಲಿತನಾ ಆರ್ಲಿನ್? ಎಷ್ಟು ಚೆನ್ನಾಗಿ ಕಲಿತಿದಾನೆ!"

ಅವನು ಕಂಪ್ಯೂಟರಿನ ಕಡೆ ತಿರುಗಿದ. ಇಮೇಲ್ ತೆರೆದ. ಮೇಣದ ಬತ್ತಿಯವರ, ನಿಲುವಂಗಿಯವರ ನಡುವೆ ಕಂಪನಿಯ ನೋಟೀಸುಗಳು ಶುಕ್ರವಾರ ಶುಕ್ರವಾರ ಸಾಲಾಗಿ, ತೂಕಕ್ಕೆ ನಿಂತ ಲಾರಿಗಳ ಹಾಗೆ ನಿಂತಿದ್ದವು. ಅಷ್ಟೂ ತೆರೆದು ನೋಡಿದ. ನಾನು ಹೋಗಲಿಲ್ಲ, ನಿಂತು ಅವನು ನೋಡುವುದನ್ನು ನೋಡಿದೆ. ಕೊನೆಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಬೇರೆ ಯಾರಾದರೂ ಕೇಳಿದ್ದರೆ ಅವನೇ ಒದ್ದೋಡಿಸುವಂಥ ಮಾತು ಕೇಳಿದ.

"ಮಾರ್ಲಿಸ್... ಸಭೆಯಲ್ಲಿ 'ಇತರೆ ಖರ್ಚು' ಅಂತ ಒಂದೇ ಸಾಲು ಓದಿದ್ರೆ ಸಾಕಲ್ವಾ?"

"ಗೇಲೆನ್‌ಗೆ ನೀನು ಕೊಟ್ಟ ಚೀಟಿಯಲ್ಲಿ ಒಂದೇ ಸಾಲು ಇತ್ತಾ?"

ಅವನಿಗೆ ನೆನಪಿತ್ತು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇಷ್ಟು ವರ್ಷ ನೆನಪಿಟ್ಟುಕೊಂಡೇ ಪ್ರತಿ ಭಾನುವಾರ ನನ್ನ ಕೈಯಿಂದ ಕಾಫಿ ಇಸಿದುಕೊಂಡಿದ್ದಾನೆ ಎಂದು ಗೊತ್ತಾಗಿ ನನ್ನ ನಗು ನಿಂತುಹೋಯಿತು. ಮುಚ್ಚಳ ಎತ್ತಿಕೊಂಡು ಒಳಗೆ ಬಂದೆ.

ಸಭೆಯ ತನಕ ನಾನು ಯಾರಿಗೂ ಹೇಳಲಿಲ್ಲ. ದೊಡ್ಡತನದಿಂದಲ್ಲ. ಅವನ ಬಾಯಿಂದಲೇ ಬರಬೇಕಿತ್ತು, ಅದಕ್ಕೆ. ಒಂದೇ ಸಾಲು ಓದಿ ಜಾರಿಕೊಂಡರೆ ಅಲ್ಲೇ ಎದ್ದು ನಿಂತು ಸಿಪ್ಪೆ ಸುಲಿಯುತ್ತೇನೆ ಎಂದು ತಯಾರಾಗಿ ಹೋದೆ. ಎಂದಿನ ಹಾಗೆ ಎಲ್ಲರೂ ಮನೆಯಿಂದ ತಂದ ಅಡುಗೆ ಮೇಜಿನ ಮೇಲಿತ್ತು. ಜನ ಉಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಲೆಕ್ಕ ಕೇಳುತ್ತಾ ತೂಕಡಿಸಲು ಸಿದ್ಧರಾಗಿ ಕೂತಿದ್ದರು. ಪಾದ್ರಿಯಮ್ಮ ಖಜಾಂಚಿಯನ್ನು ಕರೆದಳು.

ಆರ್ಲಿನ್ ಎದ್ದು ನಿಂತ. ಚಾವಣಿಯ ಖರ್ಚು ಓದಿದ. ಚರ್ಚು ಬೆಚ್ಚಗಿಡುವ ಎಣ್ಣೆಯ ಖರ್ಚು ಓದಿದ. ಒಲೆಯ ದುಡ್ಡಿಗೆ ಬಂದು ನಿಂತ. ನನ್ನ ಕಡೆ ನೋಡಲಿಲ್ಲ. ಆಮೇಲೆ ಶುರು ಮಾಡಿದ, ಮೊದಲ ಶುಕ್ರವಾರದಿಂದ. ಪೈ ಮಾರಿದ್ದು ಇಷ್ಟು, ಕೊಳ್ಳುವ ಶುಲ್ಕ ಇಷ್ಟು, ಉಳಿದದ್ದು ಇಷ್ಟು. ಎರಡನೆಯ ಶುಕ್ರವಾರ. ಮೂರನೆಯ ಶುಕ್ರವಾರ. ಐದಾರು ಆಗುವ ಹೊತ್ತಿಗೆ ತೂಕಡಿಸುತ್ತಿದ್ದವರು ಎದ್ದು ಕೂತರು. ಹತ್ತಾಗುವ ಹೊತ್ತಿಗೆ ಚಮಚದ ಸದ್ದು ನಿಂತಿತು. ಅವನು ಒಂದನ್ನೂ ಬಿಡಲಿಲ್ಲ. ಹಿಮಗಾಳಿಯ ವಾರವನ್ನೂ ಓದಿದ. ಆರ್ಡಿಸ್ ತಲೆ ತಗ್ಗಿಸಿ ಕಾಗದದ ಕರವಸ್ತ್ರವನ್ನು ತಿರುಚುತ್ತಿದ್ದಳು. ಕೊನೆಗೆ ಮಾರಿದ ದಂಡ ಓದಿ, ಒಟ್ಟು ಓದಿ, ಕಾಗದ ಕೆಳಗಿಟ್ಟ.

ಹಿಂದಿನ ಸಾಲಿನಲ್ಲಿ ಐನಾರ್ ಕ್ವಾಮೆ ಕೂತಿದ್ದ. ತೊಂಬತ್ತರ ಹತ್ತಿರದ ಮುದುಕ, ಆರ್ಲಿನ್‌ನ ಕಿಟಕಿಯ ಮುಂದೆ ಎಲ್ಲರಿಗಿಂತ ಹೆಚ್ಚು ಸಲ ನಿಂತವನು. ಟೋಪಿ ಮೊಣಕಾಲ ಮೇಲಿಟ್ಟುಕೊಂಡು, ಏಳದೆಯೇ ಕೇಳಿದ.

"ತೇವ ಎಷ್ಟು ತೋರಿಸ್ತು ಆರ್ಲಿನ್?"

ಟೋಲ್ವಿಕ್‌ನ ಜನ ಚರ್ಚಿನಲ್ಲಿ ನಗುವುದಿಲ್ಲ. ಅಂದು ನಕ್ಕರು. ಮೇಜು ಕುಟ್ಟಿ ನಕ್ಕರು, ಪಕ್ಕದವರ ಹೆಗಲ ಮೇಲೆ ಬಿದ್ದು ನಕ್ಕರು, ಪಾದ್ರಿಯಮ್ಮ ಬೈಬಲ್ ಅಡ್ಡ ಹಿಡಿದುಕೊಂಡು ನಕ್ಕಳು. ಮೂವತ್ತು ವರ್ಷದ ಚೀಟಿಗಳೆಲ್ಲ ಜೇಬಿನಿಂದ ಒಟ್ಟಿಗೇ ಹೊರಬಂದ ಹಾಗಿತ್ತು. ಆರ್ಲಿನ್ ನಿಂತೇ ಇದ್ದ, ಕಿವಿ ಎರಡೂ ಕೆಂಪಗೆ. ನಗು ಇಳಿಯುವ ತನಕ ಕಾದ. ಆಮೇಲೆ ಕಿಟಕಿಯ ಹಿಂದೆ ಕೂತಾಗಿನ ಅದೇ ಒಣ ದನಿಯಲ್ಲಿ ಹೇಳಿದ:

"ನೂರಕ್ಕೆ ಹದಿನೆಂಟು."

ನಗು ಪೂರ್ತಿ ನಿಂತಿತು. ಒಲೆಯ ದುಡ್ಡಿನಲ್ಲಿ ಕಡಿತವಾದ ಪಾಲು ಅದು, ಆದರೆ ನಮ್ಮ ಜನಕ್ಕೆ ಆ ಸಂಖ್ಯೆ ಬೇರೆ ಕಡೆಯಿಂದಲೂ ಚೆನ್ನಾಗಿ ಗೊತ್ತು. ಹದಿನೆಂಟು ಎಂದರೆ ನೆಂದ ಜೋಳ.

"ಅವ್ರು ಬೋರ್ಡ್ ಹಾಕಿರ್ಲಿಲ್ವಾ?" ಐನಾರ್ ಬಿಡಲಿಲ್ಲ.

"ಹಾಕಿದ್ರು. ನಾನು ಓದ್ಲಿಲ್ಲ."

ಕೂತುಕೊಂಡ. ಪಾದ್ರಿಯಮ್ಮ, ವರದಿಯನ್ನು ಒಪ್ಪುವ ಪ್ರಸ್ತಾಪ ಯಾರದು ಎಂದಳು. ಯಾರೋ ಗೊಣಗಿದರು. ಅನುಮೋದನೆ ಯಾರದು ಎಂದಳು. ಬೇರೆ ವರ್ಷಗಳಲ್ಲಿ ಅವಳ ಮಾತು ಮುಗಿಯುವುದರೊಳಗೆ ಮೂರು ಜನ ಕೈ ಎತ್ತಿರುತ್ತಾರೆ. ಅಂದು ಒಂದು ಕೈ ಇಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ದುಡ್ಡು ಹೆಂಗಸರದ್ದಲ್ಲವೇ. ನಾನು ಆ ಮೌನವನ್ನು ಚಪ್ಪರಿಸಿದೆ. ಇನ್ನಷ್ಟು ಹೊತ್ತು ಹಾಗೇ ಬಿಡುತ್ತಿದ್ದೆ, ಆದರೆ ಆರ್ಡಿಸ್‌ನ ಕೈಯಲ್ಲಿದ್ದ ಕರವಸ್ತ್ರ ಚೂರುಚೂರಾಗಿ ಮಡಿಲಲ್ಲಿ ಬಿದ್ದಿತ್ತು. ಅವಳ ಮುಖ ನೋಡಿ ಬಾಯಿ ತೆರೆದೆ, ಅವನ ಮುಖ ನೋಡಿ ಅಲ್ಲ.

"ಅನುಮೋದಿಸ್ತೀನಿ. ಒಂದು ಷರತ್ತು. ಅಡುಗೆಮನೆಯ ಬೋರ್ಡ್‌ಗಳನ್ನೆಲ್ಲ ಖಜಾಂಚಿ ಇವತ್ತೇ ತನ್ನ ಕೈಯಾರೆ ಕೀಳ್ಬೇಕು."

ಸಭೆ ಒಪ್ಪಿತು. ಆಮೇಲೆ ಅವನನ್ನೇ ಮತ್ತೆ ಖಜಾಂಚಿಯಾಗಿ ಆರಿಸಿತು. ನಗುವುದಕ್ಕೆ ಎಲ್ಲರೂ ಮುಂದು, ಲೆಕ್ಕ ಬರೆಯುವುದಕ್ಕೆ ಒಬ್ಬರೂ ಇಲ್ಲ. ನಾವು ಅಂಥ ಜನ.

ಆರ್ಲಿನ್ ಅಂದೇ ಸುತ್ತಿಗೆ ತಂದು ಹಲಗೆಗಳನ್ನು ಕಿತ್ತ. ಕಿತ್ತ ಮೊಳೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ ಜೇಬಿಗೆ ಹಾಕಿಕೊಂಡ. ಕೊರತೆ ಬಿದ್ದ ದುಡ್ಡಿಗೆ ಚೆಕ್ ಬರೆದು ನನ್ನ ಮುಂದೆ ಹಿಡಿದ.

"ನಿನ್ನ ದುಡ್ಡು ಯಾರಿಗೆ ಬೇಕು?" ಎಂದೆ. "ಬುಧವಾರ ಬಂದು ಸೇಬು ಸುಲಿ."

ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಒಲೆ ಬರುವ ತನಕ ಪ್ರತಿ ಬುಧವಾರ ಬಂದು, ಏಪ್ರನ್ ಕಟ್ಟಿಕೊಂಡು ಸುಲಿದ. ಗಾಜಿನ ಹಾಗೆ ತೆಳ್ಳಗೆ ಸುಲಿಯುತ್ತಿದ್ದ, ನಾವು ಬುಟ್ಟಿ ಮುಗಿಸುವ ಹೊತ್ತಿಗೆ ಅವನು ನಾಲ್ಕು ಸೇಬು ಮುಗಿಸುತ್ತಿದ್ದ. "ನೀವು ಸಿಪ್ಪೆಯಲ್ಲಿ ಬಹಳ ತಿರುಳು ಬಿಡ್ತೀರಿ ಮಾರ್ಲಿಸ್" ಎಂದು ನನಗೇ ಪಾಠ ಹೇಳಿದ. ನೋಟೀಸು ಓದದವನು ಸಿಪ್ಪೆ ಓದಲು ಕಲಿತಿದ್ದ. ಮನುಷ್ಯ ಬದಲಾದ ಎಂದು ನಾನು ಹೇಳಿದರೆ ನಂಬಬೇಡಿ.

ಕೊರತೆ ಪೈ ಮಾರಿಯೇ ತುಂಬಿತು, ಒಲೆ ಏಪ್ರಿಲ್ ಕೊನೆಯ ಬುಧವಾರ ಬಂತು. ಲಾರಿಯವರಿಬ್ಬರು ಅದನ್ನು ನೆಲಮಾಳಿಗೆಗೆ ಇಳಿಸಿ, ಬೆವರು ಒರೆಸಿಕೊಂಡು, ನನ್ನ ಕೈಗೆ ಒಂದು ಕಾಗದ ಕೊಟ್ಟರು. ನಾವು ಆರು ಹೆಂಗಸರೂ ಹೊಸ ಒಲೆಯ ಸುತ್ತ ನಿಂತಿದ್ದೆವು. ಐನಾರ್ ಕೂಡ ನೋಡಲು ಬಂದಿದ್ದ. ಕಾಗದದಲ್ಲಿ ಒಲೆಯ ಬೆಲೆಯ ಕೆಳಗೆ, ಮೆಟ್ಟಿಲಿಳಿಸಿದ್ದಕ್ಕೆ ಇಷ್ಟು, ಹಳೆಯ ಒಲೆ ಒಯ್ಯುವುದಕ್ಕೆ ಇಷ್ಟು ಎಂದು ಬರೆದಿತ್ತು.

"ಇದೆಲ್ಲ ಏನ್ರೀ?" ನಾನು ದನಿ ಏರಿಸಿದೆ. "ನಂಗ್ಯಾರೂ ಹೇಳ್ಲಿಲ್ಲ!"

"ಸಹಿ ಹಾಕಿದೀರಲ್ಲಮ್ಮಾ" ಎಂದ ಲಾರಿಯವನು.

ಆರ್ಲಿನ್ ಮೂಲೆಯಿಂದ ಎದ್ದು ಬಂದ. ಏಪ್ರನ್‌ಗೆ ಕೈ ಒರೆಸಿಕೊಂಡು ಕಾಗದವನ್ನು ನನ್ನಿಂದ ಇಸಿದುಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ತಿರುಗಿಸಿ ಹಿಂಭಾಗ ಓದಿದ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲವೂ ಇತ್ತು. ಕೆಳಗೆ ಅಂದು ಅಂಗಡಿಯಲ್ಲಿ ಹಾಕಿದ ನನ್ನ ಸಹಿ ಇತ್ತು, ದುಂಡಗೆ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಎಲ್ಲರೂ ನೋಡುತ್ತಿದ್ದರು. ಅವನ ಬಾಯಿಗೆ ಆ ಮಾತು ಬಂದದ್ದನ್ನು ನಾನು ಕಂಡೆ, ಮೂವತ್ತು ವರ್ಷ ಆಡಿದ ಮಾತು, ನಾಲಿಗೆಯ ತುದಿಯಲ್ಲೇ ನಿಂತಿತ್ತು. ನಾನು ಹಲ್ಲು ಕಚ್ಚಿಕೊಂಡು ಕಾದೆ.

ಅವನು ಬಾಯಿ ಮುಚ್ಚಿಕೊಂಡ. ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ.

"ಸರಿಯಾಗಿದೆ. ಲೆಕ್ಕಕ್ಕೆ ಹಾಕ್ತೀನಿ" ಎಂದು ಲಾರಿಯವರಿಗೆ ಹೇಳಿ ಮತ್ತೆ ಸೇಬಿನ ಬುಟ್ಟಿಯ ಹತ್ತಿರ ಹೋಗಿ ಕೂತ.

ಇಷ್ಟೇ ತಾನೇ ಬೇಕಾಗಿದ್ದದ್ದು? ಅಂದು ಆ ಕಿಟಕಿಯಲ್ಲಿ ಗೇಲೆನ್‌ಗೂ ಇಷ್ಟು ಮಾಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಪುಣ್ಯಾತ್ಮ, ಎಂದು ನನಗೆ ಸಿಟ್ಟೂ ಬಂತು, ಕಣ್ಣೀರೂ ಬಂತು. ಮುಖ ತಿರುಗಿಸಿ ಹೊಸ ಒಲೆ ಹಚ್ಚಿ ಕಾಫಿಗೆ ನೀರಿಟ್ಟೆ. ಕುದಿದ ಮೇಲೆ ಮೊದಲ ಲೋಟ ಒಯ್ದು ಅವನ ಮುಂದೆ ಇಟ್ಟೆ.

ಹಲಗೆ ಕಿತ್ತು ಮೂರು ತಿಂಗಳಾಗಿತ್ತು. ಆರ್ಲಿನ್ ಜೇಬು ತಡಕಿ, ಇಪ್ಪತ್ತೈದು ಸೆಂಟು ತೆಗೆದು, ಇನ್ನೂ ಅಲ್ಲೇ ಇದ್ದ ಕಾಫಿಯ ಡಬ್ಬಿಗೆ ಹಾಕಿದ. ನಾನು ಬೇಡ ಎನ್ನಲಿಲ್ಲ.